ಗಾಳಿ ನಿಂತಿತೆ, ತಂಪು ನಿಂತಿತೆ?

ಕಾರಿನೊಳಗೆ ತಂಪು ಮಾಡುವ ಯಂತ್ರಕ್ಕೆ ಹವಾನಿಯಂತ್ರಕವೆಂಬ ಗಂಭೀರವಾದ ಹೆಸರಿದೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು; ಆದರೂ ಈ ಹೊತ್ತು ಎಲ್ಲರ ಹಾಗೆ ಅದನ್ನು ಏಸಿ ಎಂದೇ ಕರೆಯುತ್ತೇನೆ. ನಾನು ಹೇಳಹೊರಟಿರುವುದು ಅದಕ್ಕೆ ಬರುವ ಒಂದು ವಿಚಿತ್ರ ಕಾಯಿಲೆಯ ಕಥೆ. ಊರೊಳಗೆ ಓಡಾಡುವಾಗ ಹೊದಿಕೆ ಕೇಳುವಷ್ಟು ತಂಪು ಕೊಡುವ ಯಂತ್ರ, ದೂರದ ದಾರಿ ಹಿಡಿದ ಒಂದೆರಡು ಗಂಟೆಗೆ ಕೈಕೊಡುತ್ತದೆ. ಅರ್ಧ ಗಂಟೆ ನಿಂತು ಹೊರಟರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ತಂಪಾಗುತ್ತದೆ.

ಕಳೆದ ವರ್ಷದ ಮೇ ತಿಂಗಳಲ್ಲಿ, ಕುಂದಾಪುರದ ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂತು. ನಮ್ಮ ಅಮ್ಮನಿಗೆ ಎಂಬತ್ತಮೂರು ವರ್ಷ, ಮೇಲೆ ಉಬ್ಬಸ. ಅಕ್ಕನನ್ನು ಒಮ್ಮೆ ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದಳು. "ಕಾರಿನಲ್ಲಿ ಏಸಿ ಇದೆಯಲ್ಲಮ್ಮಾ" ಎಂದು ಧೈರ್ಯ ಹೇಳಿದವನೂ ನಾನೇ. ಧಾರವಾಡದಿಂದ ಹೊರಟು ಯಲ್ಲಾಪುರದವರೆಗೆ ಕಿಟಕಿ ತೆರೆದೇ ಬಂದೆವು. ಅರಬೈಲು ಘಟ್ಟ ಇಳಿಯುವಾಗ ಏಸಿ ಹಾಕಿದೆ. ತಂಪನ್ನು ಕೊನೆಯ ಗುರುತಿಗೆ ತಿರುಗಿಸಿ, ಫ್ಯಾನಿನ ಸದ್ದು ಅಮ್ಮನಿಗೆ ಆಗದೆಂದು ಅದನ್ನು ಒಂದರಲ್ಲೇ ಇಟ್ಟೆ. ಕುಮಟೆ ದಾಟಿದ ಮೇಲೆ ತಂಪು ಸೊರಗಿತು. ಕಿಟಕಿ ಇಳಿಸಿದರೆ ಕರಾವಳಿಯ ಆ ಬೆಂದ ಗಾಳಿ. ಹೊನ್ನಾವರ ತಲುಪುವ ಹೊತ್ತಿಗೆ ಅಮ್ಮನ ತುಟಿ ಒಣಗಿ ಮಾತು ತೊದಲುತ್ತಿತ್ತು. ಅಲ್ಲಿಯ ವೈದ್ಯರೊಬ್ಬರು ಸಂಜೆಯವರೆಗೆ ಮಲಗಿಸಿಕೊಂಡು, ಮುಂದೆ ಹೋಗಬೇಡಿ ಎಂದರು. ದೊಡ್ಡಮ್ಮನ ಮನೆ ಇನ್ನೆರಡು ಗಂಟೆಯ ದಾರಿಯಲ್ಲಿತ್ತು. ನಾವು ಸೆಕೆ ಇಳಿದ ಮೇಲೆ ಹಿಂದಿರುಗಿದೆವು. ಬರುವಾಗ ಯಂತ್ರ ಚೆನ್ನಾಗಿಯೇ ನಡೆಯಿತು! ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮಾರನೆಯ ದಿನ ಊರಿನ ಒಂದು ಗ್ಯಾರೇಜಿಗೆ ಹೋದೆ. ಅವರು ಹದಿನೈದು ನಿಮಿಷ ಎಂಜಿನು ಓಡಿಸಿ, ಕೈಯೊಡ್ಡಿ ನೋಡಿ, ಗ್ಯಾಸು ಕಡಿಮೆಯಾಗಿದೆ ಎಂದು ತುಂಬಿಸಿ ಹಣ ಪಡೆದರು. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಸೋರದ ಹೊರತು ಅದು ಕಡಿಮೆಯಾಗದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಪರೀಕ್ಷಿಸೋಣವೆಂದು ವಾರದ ಮೇಲೆ ಒಬ್ಬನೇ ಕುಮಟೆಯವರೆಗೆ ಹೋದೆ. ಮತ್ತೆ ಅದೇ ಕಥೆ. ಹೆದ್ದಾರಿಯ ಪಕ್ಕದ ಚಿಕ್ಕ ಅಂಗಡಿಯೊಂದರ ಮುಂದೆ ನಿಲ್ಲಿಸಿ, "ಏಸಿ ನಿಂತುಹೋಗುತ್ತದೆ" ಎಂದೆ. ಅಲ್ಲಿಯ ಮೆಕ್ಯಾನಿಕ್ ವಯಸ್ಸಾದವರು. ನಾನು ಮೇಷ್ಟರೆಂಬುದನ್ನು ಮಾತಿನಲ್ಲೇ ಹಿಡಿದಿದ್ದರೆಂದು ತೋರುತ್ತದೆ. "ಗಾಳಿಯೇ ನಿಂತ್ಹೋಯ್ತೋ, ಗಾಳಿ ಬಂದೂ ತಂಪು ಹೋಯ್ತೋ, ಮಾಸ್ತರ್ರೇ?" ಎಂದು ಕೇಳಿದರು.

ನಾನು ಉತ್ತರಿಸಲಾರದೆ ಹೋದೆ. ಸಮಾನಾರ್ಥಕ ಪದಗಳ ಸೂಕ್ಷ್ಮ ಭೇದವನ್ನು ವರ್ಷವರ್ಷವೂ ಹುಡುಗರಿಗೆ ಹೇಳಿಕೊಟ್ಟವನು ನಾನು. "ನಿಂತುಹೋಯಿತು" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಕಾಯಿಲೆಗಳನ್ನು ಕಟ್ಟಿಹಾಕಿದ್ದೆ. ಮತ್ತೆ ಕಾರಿನಲ್ಲಿ ಕುಳಿತು ಕೈಯೊಡ್ಡಿದೆ. ಫ್ಯಾನಿನ ಸದ್ದು ಮೊದಲಿನಷ್ಟೇ ಇತ್ತು. ಗಾಳಿ ಮಾತ್ರ ಕಿಂಡಿಯಿಂದ ಉಸಿರಿನಷ್ಟೇ ಬರುತ್ತಿತ್ತು.

ಅವರು ಏಸಿ ಗುಂಡಿಯನ್ನು ಆರಿಸಿ, ಫ್ಯಾನನ್ನು ಮಾತ್ರ ಜೋರಾಗಿ ಓಡಲು ಬಿಟ್ಟು ಚಹಾ ತರಿಸಿದರು. ಚಹಾ ಮುಗಿಯುವಷ್ಟರಲ್ಲಿ ಗಾಳಿ ಬಿಡುಗಡೆಯಾಯಿತು, ಕಾರಿನಡಿ ನೀರು ಧಾರೆಯಾಗಿ ಇಳಿಯಿತು. ಹೊನ್ನಾವರದಲ್ಲಿಯೂ ಇಂಥದೇ ಒಂದು ಮಡುವನ್ನು ಕಂಡು ರೇಡಿಯೇಟರು ಸೋರಿತೆಂದು ನಾನು ಗಾಬರಿಯಾಗಿದ್ದೆ!

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಒಯ್ಯುತ್ತದಷ್ಟೆ. ಕಾರಿನಲ್ಲೂ ನಡೆಯುವುದು ಅದೇ. ನೀರಿನ ಬದಲು, ಬಯಲಿನಲ್ಲಿಟ್ಟರೆ ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿಯುವ ಆರ್-೧೩೪ಎ ಎಂಬ ದ್ರವವಿದೆ. ಮುಂದಿನ ಹಲಗೆಯ ಹಿಂದಿರುವ ಕಾಯಿಲಿನಲ್ಲಿ ಅದು ಕುದಿದು ನಮ್ಮ ಸೆಕೆಯನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ, ರೇಡಿಯೇಟರಿನ ಮುಂದಿನ ಇನ್ನೊಂದು ಜಾಲದಲ್ಲಿ ಶಾಖವನ್ನು ಹೊರಗೆ ಕೊಡಹುತ್ತದೆ. ಕರಾವಳಿಯ ಗಾಳಿಯಲ್ಲಿ ನೀರಿನಂಶ ಬಹಳ. ತಣ್ಣನೆಯ ಕಾಯಿಲಿನ ಮೇಲೆ ಅದು ಇಬ್ಬನಿಯಾಗಿ ಕೂತು, ಕೊಳವೆಯಲ್ಲಿ ಇಳಿದು, ಕಾರಿನಡಿ ತೊಟ್ಟಿಕ್ಕುತ್ತದೆ. ಇಷ್ಟು ಆರೋಗ್ಯದ ಲಕ್ಷಣ. ಆದರೆ ಕಾಯಿಲು ಸೊನ್ನೆಗಿಂತ ಕೆಳಗಿಳಿದರೆ ಇಬ್ಬನಿ ಮಂಜುಗಡ್ಡೆಯಾಗಿ ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಹಾಗಾಗದಂತೆ ಸೊನ್ನೆಯ ಹತ್ತಿರ ಬಂದೊಡನೆ ಕಂಪ್ರೆಸರಿಗೆ "ಸಾಕು" ಎನ್ನಲು ಅಲ್ಲೊಂದು ಸೆನ್ಸರು ಇರುತ್ತದೆ. ನನ್ನ ಕಾರಿನಲ್ಲಿ ಕೆಟ್ಟಿದ್ದದ್ದು ಅದೊಂದೇ. ಯಂತ್ರ ತಂಪು ಮಾಡಲಾರದೆ ಸೋತದ್ದಲ್ಲ, ತಂಪು ಮಾಡುವುದನ್ನು ನಿಲ್ಲಿಸಲಾರದೆ ಸೋತದ್ದು. ಕೊನೆಯ ತಂಪು, ಮೊದಲನೆಯ ಫ್ಯಾನು ಎಂಬ ನನ್ನ ಉಪಚಾರವೂ ಆ ಗಡ್ಡೆಗೆ ನೆರವಾಗಿತ್ತು. ಗ್ಯಾರೇಜಿನ ಹದಿನೈದು ನಿಮಿಷದಲ್ಲಿ ಗಡ್ಡೆ ಕಟ್ಟುವುದಾದರೂ ಹೇಗೆ?

ಈ ನಿಲ್ಲಿಸುವ ವಿದ್ಯೆ ಯಂತ್ರಕ್ಕೆ ತಡವಾಗಿ ಬಂದದ್ದು. ಅಮೆರಿಕದ ಪ್ಯಾಕರ್ಡ್ ಕಂಪನಿ ೧೯೩೯ರಲ್ಲಿ ಮೊದಲ ಏಸಿ ಕಾರುಗಳನ್ನು ತಂದಾಗ ಅದರ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಚಳಿಯಾದರೆ ಎಂಜಿನು ನಿಲ್ಲಿಸಿ, ಬಾನೆಟ್ಟು ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು!

ಗಾಳಿ ತುಂಬಾ ಬಂದು ತಂಪು ಮಾತ್ರ ಹೋಗುವುದಾದರೆ ಹುಡುಕಬೇಕಾದ ಜಾಗವೇ ಬೇರೆ. ಓಡುವಾಗ ತಂಪಿದ್ದು ಸಂದಣಿಯಲ್ಲಿ ನಿಂತಾಗ ಹೋದರೆ ಮುಂದಿನ ಫ್ಯಾನನ್ನು ನೋಡಬೇಕು. ಬಹಳ ಹೊತ್ತು ಓಡಿ ಕಾದ ಮೇಲೆ ಹೋದರೆ ಕಂಪ್ರೆಸರಿನ ಕ್ಲಚ್ಚು ಹಿಡಿಯುತ್ತಿದೆಯೇ ಎಂದು ನೋಡಬೇಕು. ಗಾಳಿಯೇ ಕುಗ್ಗಿದರೆ, ಸೆನ್ಸರಿಗಿಂತ ಮೊದಲು ಗಾಳಿ ಸೋಸುವ ಫಿಲ್ಟರಿನ ಧೂಳನ್ನು ನೋಡುವುದು ಅಗ್ಗ. ಬಾನೆಟ್ಟಿನಡಿಯ ಚೀಟಿಯಲ್ಲಿ ಗ್ಯಾಸಿನ ತೂಕ ಗ್ರಾಮಿನಲ್ಲಿ ಬರೆದಿರುತ್ತದೆ. ತೂಗದೆ ತುಂಬುವವರಿಗೆ ಅದನ್ನು ತೋರಿಸಿ. ನನ್ನ ಕಾರಿನಲ್ಲಿ ಅದು ಹೆಚ್ಚಾಗಿಯೇ ಇತ್ತು. ಕುಮಟೆಯವರು ಅದನ್ನು ಗಾಳಿಗೆ ಬಿಡದೆ ಯಂತ್ರಕ್ಕೆಳೆದು ತೂಗಿ ಹಾಕಿದರು. ಭೂಮಿಯನ್ನು ಕಾಯಿಸುವುದರಲ್ಲಿ ಆ ಅನಿಲ ಇಂಗಾಲಾಮ್ಲಕ್ಕಿಂತ ಸಾವಿರ ಪಾಲಿಗೂ ಮಿಗಿಲು.

ಹೊಸ ಸೆನ್ಸರಿನ ಬೆಲೆ ಮೊದಲಿನ ಗ್ಯಾಸಿನ ಹಣದ ಕಾಲುಭಾಗವೂ ಇರಲಿಲ್ಲ. ಮಳೆ ಹಿಡಿಯುವ ಮೊದಲು ಅಮ್ಮನನ್ನು ಒಪ್ಪಿಸಿ ಮತ್ತೆ ಹೊರಟೆ. ಈ ಸಲ ಫ್ಯಾನು ಮೂರರಲ್ಲಿತ್ತು. ಭಟ್ಕಳ ದಾಟುವಾಗ ಅವಳು ಸೆರಗು ಹೊದ್ದು, "ಸ್ವಲ್ಪ ಕಡಿಮೆ ಮಾಡೋ" ಎಂದಳು. ಕುಂದಾಪುರದ ಅಂಗಳದಲ್ಲಿ ಕಾರು ನಿಂತಾಗ ದೊಡ್ಡಮ್ಮನನ್ನು ಜಗಲಿಯಲ್ಲಿ ದಿಂಬಿಗೊರಗಿಸಿ ಕೂರಿಸಿದ್ದರು. ಅಕ್ಕತಂಗಿಯರು ಕೈ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ದೊಡ್ಡಮ್ಮನ ಕಣ್ಣು ಅಂಗಳಕ್ಕೆ ಹೋಯಿತು. "ನಿನ್ನ ಕಾರು ಸೋರ್ತಾ ಉಂಟಲ್ಲ ಮಗಾ" ಎಂದಳು.