ಕ್ರೈಸ್ತ ಪ್ರಾರ್ಥನೆಯಲ್ಲಿ ಮೌನಧ್ಯಾನ



ಪ್ರಾರ್ಥನೆಯೆಂದರೆ ಬೇಡುವುದೆಂದೇ ಲೋಕವು ಸಾಮಾನ್ಯವಾಗಿ ತಿಳಿದಿರುವುದು. ಕ್ರೈಸ್ತರ ದೇವಾಲಯಗಳಲ್ಲಿ ನಡೆಯುವ ಸ್ತೋತ್ರ, ಗಾನ, ಉಪದೇಶಗಳನ್ನು ಕೇಳಿದವರು ಆ ಮತದಲ್ಲಿ ಮೌನಕ್ಕೆ ಎಡೆಯಿಲ್ಲವೆಂದು ಭಾವಿಸುವುದುಂಟು. ಅದು ನಿಜವಲ್ಲ. ಮಾತನ್ನು ಮೀರಿದ ಪ್ರಾರ್ಥನೆಯು ಅಲ್ಲಿಯೂ ಉಂಟು. ಅದು ಬಹುಜನರಿಗೆ ಮರೆಯಾಗಿದ್ದು ಮರಳಿ ಬೆಳಕಿಗೆ ಬಂದ ಬಗೆಯನ್ನು ಜಾನ್ ಮೇನ್ ಎಂಬ ಸಂನ್ಯಾಸಿಯ ಚರಿತ್ರೆಯಲ್ಲಿ ಕಾಣಬಹುದು.

1926ರಲ್ಲಿ ಲಂಡನ್ ನಗರದ ಐರಿಷ್ ಮನೆತನವೊಂದರಲ್ಲಿ ಜನಿಸಿದ ಇವರು 1950ರ ದಶಕದಲ್ಲಿ ಆಂಗ್ಲ ಸರಕಾರದ ಸೇವೆಯ ನಿಮಿತ್ತ ಮಲಯಾ ದೇಶಕ್ಕೆ ಹೋದರು. ಅಲ್ಲಿ ಕೌಲಾಲಂಪುರದಲ್ಲಿ ಅನಾಥ ಮಕ್ಕಳನ್ನು ಸಲಹುತ್ತಿದ್ದ ಸ್ವಾಮಿ ಸತ್ಯಾನಂದರ ದರ್ಶನಲಾಭವಾಯಿತು. ಧ್ಯಾನಮಾರ್ಗವನ್ನು ಕಲಿಸಬೇಕೆಂದು ಪ್ರಾರ್ಥಿಸಲು, ಸ್ವಾಮಿಗಳು ಮತವನ್ನು ಬಿಡೆನ್ನಲಿಲ್ಲ. ಕ್ರೈಸ್ತನಿಗೆ ಒಪ್ಪುವ ನುಡಿಯೊಂದನ್ನೇ ಆರಿಸಿಕೊಂಡು, ಬೆಳಿಗ್ಗೆ ಅರ್ಧ ಗಂಟೆ, ಸಾಯಂಕಾಲ ಅರ್ಧ ಗಂಟೆ ಅದನ್ನು ಅಂತರಂಗದಲ್ಲಿ ಜಪಿಸುವಂತೆ ಬೋಧಿಸಿದರು.

1959ರಲ್ಲಿ ಜಾನ್ ಮೇನ್ ಅವರು ಲಂಡನ್ನಿನ ಈಲಿಂಗ್ ಎಂಬಲ್ಲಿರುವ ಬೆನೆಡಿಕ್ಟನ ಸಂಪ್ರದಾಯದ ಮಠವನ್ನು ಸೇರಿದರು. ಹೊಸ ಶಿಷ್ಯರನ್ನು ನಡೆಸುವ ಹಿರಿಯರು, ಈ ಜಪಪದ್ಧತಿಯು ಕ್ರೈಸ್ತರದಲ್ಲವೆಂದೂ ಇದನ್ನು ತ್ಯಜಿಸಬೇಕೆಂದೂ ಅಪ್ಪಣೆಯಿತ್ತರು. ಪ್ರಾಣಪ್ರಿಯವಾದ ಸಾಧನೆಯನ್ನು ಬಿಡುವುದೆಂದರೆ ಸಾಮಾನ್ಯವೇ? ಆದರೂ ವಿಧೇಯತೆಯೇ ಮಠಧರ್ಮದ ಮೂಲವೆಂದು ತಿಳಿದು ಅವರು ಅದನ್ನು ಬಿಟ್ಟರು. ಹೀಗೆ ಸುಮಾರು ಹತ್ತು ವರುಷಗಳು ಸಂದುವು.

ಮುಂದೆ ಅಮೇರಿಕೆಯ ವಾಷಿಂಗ್ಟನ್ನಿನಲ್ಲಿ ಪಾಠಶಾಲೆಯೊಂದರ ಮುಖ್ಯಸ್ಥರಾಗಿದ್ದಾಗ, ತರುಣನೊಬ್ಬನು ಬಂದು ಕ್ರೈಸ್ತರ ಅನುಭಾವಮಾರ್ಗವಾವುದೆಂದು ಕೇಳಿದನು. ಅವನಿಗಾಗಿ ಹಳೆಯ ಗ್ರಂಥಗಳನ್ನು ತೆರೆಯಲು, ಅವು ಜಾನ್ ಕ್ಯಾಸಿಯನ್ ಎಂಬ ಪ್ರಾಚೀನ ಯತಿಯ ಸಂವಾದಗಳ ಕಡೆಗೆ ದಾರಿತೋರಿದವು. ಕ್ಯಾಸಿಯನ್ ನಾಲ್ಕನೆಯ ಶತಮಾನದ ಕೊನೆಯಲ್ಲಿ ಈಜಿಪ್ತದ ಮರುಭೂಮಿಯ ತಪಸ್ವಿಗಳೊಡನೆ ಬಾಳಿದವನು. ಅವನ ಹತ್ತನೆಯ ಸಂವಾದದಲ್ಲಿ, ಕೀರ್ತನೆಯ ಒಂದು ಚಿಕ್ಕ ವಾಕ್ಯವನ್ನು ಸುಖದಲ್ಲಿಯೂ ದುಃಖದಲ್ಲಿಯೂ ಎಡೆಬಿಡದೆ ಮನಸ್ಸಿನಲ್ಲಿ ಆವರ್ತಿಸಬೇಕೆಂದು ಉಪದೇಶವಿರುವುದು. ಆ ಸಂವಾದಗಳನ್ನು ಓದಬೇಕೆಂದು ಆರನೆಯ ಶತಮಾನದ ಬೆನೆಡಿಕ್ಟನ ನಿಯಮಗ್ರಂಥವೇ ವಿಧಿಸಿದೆ. ಪರರದೆಂದು ಬಿಡಿಸಿದ ವಸ್ತುವು ಸ್ವಂತ ಮನೆಯ ಭಂಡಾರದಲ್ಲಿಯೇ ಇದ್ದಿತು!

ಆಗ ಸಾಧನೆಯು ಪುನಃ ಮೊದಲಾಯಿತು. 1975ರಲ್ಲಿ ಜಾನ್ ಮೇನ್ ಅವರು ಈಲಿಂಗಿನಲ್ಲಿ ಗೃಹಸ್ಥರಿಗೂ ಅದನ್ನು ಕಲಿಸತೊಡಗಿದರು. 1977ರಲ್ಲಿ ಕೆನಡಾದೇಶದ ಮಾಂಟ್ರಿಯಲ್ಲಿನಲ್ಲಿ ಹೊಸ ಮಠವನ್ನು ನೆಲೆಗೊಳಿಸಿದರು. ಅವರ ಕ್ರಮವು ಅತಿ ಸರಳವಾದುದು. ಬೆನ್ನನ್ನು ನೆಟ್ಟಗಿರಿಸಿ, ಅಲುಗದೆ ಕುಳಿತು, ಕಣ್ಣು ಮುಚ್ಚಿ, 'ಮಾರನಾಥಾ' ಎಂಬ ನುಡಿಯನ್ನು ನಾಲ್ಕು ಸಮಾಕ್ಷರಗಳಾಗಿ ಒಳಗೊಳಗೇ ನುಡಿಯುವುದು. ಅದು ಯೇಸುವಿನ ಮಾತೃಭಾಷೆಯಾದ ಅರಮಾಯಿಕ್ ಪದ; 'ಪ್ರಭುವೇ, ಬಾ' ಎಂದು ಅದರ ಅರ್ಥ. ಮನಸ್ಸು ಅಲೆದರೆ ಕೋಪಿಸದೆ, ನಿರಾಶೆಗೊಳ್ಳದೆ ಮತ್ತೆ ನುಡಿಗೆ ಮರಳಬೇಕು. ಫಲವನ್ನು ಅಳೆಯತಕ್ಕದ್ದಲ್ಲ. ಈ ಮೌನವು ಶಾಸ್ತ್ರಪಠಣವನ್ನಾಗಲಿ ಸಾಮೂಹಿಕ ಪೂಜೆಯನ್ನಾಗಲಿ ಕಳೆಯುವುದಿಲ್ಲ. ಅವುಗಳಿಗೆ ಬೇರಾಗಿ ನಿಲ್ಲುವುದು.

1982ರಲ್ಲಿ ಜಾನ್ ಮೇನ್ ಅವರು ದೇಹವನ್ನು ಬಿಟ್ಟರು. ಅವರು ತೋರಿದ ಸಾಧನೆಯು ಹಲವು ದೇಶಗಳಲ್ಲಿ ಹಬ್ಬಿತು. ನೆರೆಮನೆಯ ದೀಪವು ಅವರ ಮನೆಯನ್ನು ಸುಡಲಿಲ್ಲ; ಕತ್ತಲೆಯಲ್ಲಿ ಹುದುಗಿದ್ದ ನಿಧಿಯನ್ನು ತೋರಿತು. ದೀಪವಿತ್ತವರು ತಮ್ಮ ಮತಕ್ಕೆ ಕರೆಯಲಿಲ್ಲ. ಪಡೆದವರು ತಮ್ಮ ಮತವನ್ನು ತೊರೆಯಲಿಲ್ಲ. ಜಪವನ್ನು ಬಲ್ಲ ಭಕ್ತರು ಈ ಚರಿತ್ರೆಯಲ್ಲಿ ಅರಿಯಬೇಕಾದುದು ಇದೇ: ಅನ್ಯರ ಸಾಧನೆಯನ್ನು ಆದರದಿಂದ ಕಾಣುವವನಿಗೆ ತನ್ನ ಸಾಧನೆಯ ಆಳವೂ ತಿಳಿಯುವುದು.