ಸೋತರೂ ನಮ್ಮ ತಂಡ

ಗೆದ್ದವರಿಗೆ ಜಯಕಾರ ಹಾಕಲು ಊರೆಲ್ಲ ಮುಂದಾಗುತ್ತದೆ. ಸೋತವರ ಜೊತೆ ನಡೆಯುವವನೇ ಅಭಿಮಾನಿ. ಈ ಮಾತಿಗೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತಂಡವೇ ಸಾಕ್ಷಿ. ದೂರದಲ್ಲಿದ್ದುಕೊಂಡೇ ಅದರ ಆಟಕ್ಕೆ ಮನಸೋತವನು ನಾನು.

ಅಲ್ಲಿ ವರ್ಷವರ್ಷವೂ ಮಾರ್ಚಿಯಲ್ಲಿ 68 ಕಾಲೇಜು ತಂಡಗಳ ಪಂದ್ಯಾವಳಿ ನಡೆಯುತ್ತದೆ. ಒಮ್ಮೆ ಸೋತರೆ ಮುಗಿಯಿತು. ನಾಲ್ಕು ವಿಭಾಗಗಳು; ಒಂದೊಂದರಲ್ಲೂ ಯೋಗ್ಯತೆಯಂತೆ 1ರಿಂದ 16ರವರೆಗೆ ಶ್ರೇಯಾಂಕ. 1985ರಿಂದ 2017ರವರೆಗೆ ಪುರುಷರ ಪಂದ್ಯಾವಳಿಯಲ್ಲಿ ಮೊದಲನೆಯ ಶ್ರೇಯಾಂಕದವರು ಹದಿನಾರನೆಯವರಿಗೆ ಒಮ್ಮೆಯೂ ಸೋತಿರಲಿಲ್ಲ. 2018ರಲ್ಲಿ ಆ ಅಪಕೀರ್ತಿ ವರ್ಜೀನಿಯಾದ ಪಾಲಿಗೆ ಬಂದಿತು. ಬಾಲ್ಟಿಮೋರ್ ಕೌಂಟಿಯ ಮೇರಿಲೆಂಡ್ ವಿಶ್ವವಿದ್ಯಾನಿಲಯದೆದುರು ಅರ್ಧ ಆಟಕ್ಕೆ 21–21 ಸರಿಸಮ, ಕೊನೆಗೆ 54–74. ನಕ್ಕವರು ಅದೆಷ್ಟು ಮಂದಿ! ನಿಜ ಹೇಳಬೇಕೆಂದರೆ, ಇನ್ನು ಈ ಗೀಳು ಸಾಕು ಎಂದು ನಾನೂ ಅಂದುಕೊಂಡೆ.

ಆದರೆ ತರಬೇತುದಾರ ಟೋನಿ ಬೆನೆಟ್ ಆಗಲಿ, ಕೈಲ್ ಗೈ, ಟೈ ಜೆರೋಮ್ ಮೊದಲಾದ ಹುಡುಗರಾಗಲಿ ಬೆನ್ನು ತಿರುಗಿಸಲಿಲ್ಲ. ಅವರೇ ನಿಂತಿರುವಾಗ ನಾನು ಹೇಗೆ ಹೋಗಲಿ? 2019ರ ಮೊದಲ ಸುತ್ತಿನಲ್ಲಿ ಮತ್ತೆ ಹದಿನಾರನೆಯವರೇ ಎದುರಾಳಿ. ಮತ್ತೆ 14 ಅಂಕಗಳ ಹಿನ್ನಡೆ! ಉಸಿರು ಬಿಗಿಹಿಡಿದು ಕುಳಿತೆ. ಈ ಸಲ ಹುಡುಗರು ಎದೆಗುಂದದೆ ಗೆದ್ದರು. ಸೆಮಿಫೈನಲ್ಲಿನಲ್ಲಿ ಕೊನೆಯ ಸೆಕೆಂಡು ತುಂಬುವ ಮುನ್ನ ಗೈ ಮೂರು ಫ್ರೀ ಥ್ರೋಗಳನ್ನೂ ಬುಟ್ಟಿಗೆ ಹಾಕಿದ; 63–62. ಫೈನಲ್ಲಿನಲ್ಲಿ ಹೆಚ್ಚುವರಿ ಅವಧಿಯವರೆಗೂ ಹೋರಾಡಿ, ಟೆಕ್ಸಸ್ ಟೆಕ್ ತಂಡವನ್ನು 85–77ರಿಂದ ಮಣಿಸಿ ಕಿರೀಟ ಧರಿಸಿದರು.

ವಾಚಕರೇ, ಸೋತ ದಿನವೇ ನಾನು ಕೈಬಿಟ್ಟಿದ್ದರೆ ಆ ಗೆಲುವು ನನಗೆ ಬರಿಯ ಸುದ್ದಿಯಾಗುತ್ತಿತ್ತು. ಅಳಲಿನಲ್ಲಿ ಪಾಲು ಪಡೆದಿದ್ದರಿಂದಲ್ಲವೇ ಅದು ಹಬ್ಬವಾದದ್ದು?