ಊರ ಕೆರೆಗೆ ಯಾರು ನೀರುಗಂಟಿ?

(ಬಾನುಲಿ ಭಾಷಣ)



ನಗರಾಡಳಿತ ಮತ್ತು ಪರಿಸರ ರಕ್ಷಣೆ ಎಂಬ ವಿಷಯವನ್ನು ಕುರಿತು ಮಾತನಾಡಲು ಎಂಜಿನಿಯರರನ್ನೋ ಅಧಿಕಾರಿಗಳನ್ನೋ ಕರೆಯುವುದು ವಾಡಿಕೆ. ಕನ್ನಡ ಎಂ.ಎ. ತರಗತಿಗಳಿಗೆ ಬಹುಕಾಲ ಹಳಗನ್ನಡವನ್ನೂ ಶಾಸನಗಳನ್ನೂ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಇಲ್ಲೇನು ಕೆಲಸ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ನನ್ನ ಸಮಾಧಾನ ಇಷ್ಟೆ: ನಮ್ಮ ನಗರಗಳ ಪರಿಸರ ಕಾರ್ಯಕ್ರಮಗಳು ಎಲ್ಲಿ ಎಡವುತ್ತಿವೆಯೋ ಆ ಜಾಗವನ್ನು ಒಂದು ಹಳೆಯ ಕನ್ನಡ ಶಬ್ದ ಬೆರಳಿಟ್ಟು ತೋರಿಸುತ್ತದೆ. ಆ ಶಬ್ದ ‘ಬಿತ್ತುವಟ್ಟ’.

ಬೆಂಗಳೂರಿನ ಅಗರದಲ್ಲಿ ಗಂಗರ ಕಾಲದ, ಒಂಬತ್ತನೆಯ ಶತಮಾನದ ಶಾಸನವೊಂದುಂಟು. ಇರುಗಮಯ್ಯನ ಮಗ ಸಿರಿಮಯ್ಯನೆಂಬಾತ ಎರಡು ಕೆರೆಗಳಿಗೆ ತೂಬುಗಳನ್ನು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಮೂರು ಕೆರೆಗಳ ಬಿತ್ತುವಟ್ಟವನ್ನೂ ಪಡೆದನೆಂಬುದು ಅದರ ಸಾರಾಂಶ. ಕೆರೆಯನ್ನು ಕಟ್ಟಿ ಕಾಪಾಡುವವರಿಗೆ ಆ ಕೆರೆಯ ನೀರುಂಡ ಭೂಮಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುವ ಪದ್ಧತಿಗೆ ಬಿತ್ತುವಟ್ಟವೆಂದು ಹೆಸರು. ಶಾಸನದಲ್ಲಿ ಕೆರೆಯ ವರ್ಣನೆಯಿಲ್ಲ, ತಾವರೆಯಿಲ್ಲ, ಹಂಸಗಳಿಲ್ಲ. ಕೆಲವೇ ಸಾಲುಗಳಲ್ಲಿ ವ್ಯವಹಾರ ಮುಗಿದಿದೆ. ಆದರೆ ಆ ವ್ಯವಹಾರದ ಹಿಂದೆ ದೊಡ್ಡ ವಿವೇಕವಿದೆ. ಕೆಲಸಕ್ಕೆ ಹೆಸರುಳ್ಳ ಹೊಣೆಗಾರನೊಬ್ಬನಿದ್ದಾನೆ. ಹೊಣೆಗೆ ತಕ್ಕ ಆದಾಯವಿದೆ. ಆ ಆದಾಯ ಕೆರೆಯಿಂದಲೇ ಹುಟ್ಟಬೇಕಾದುದರಿಂದ, ಕೆರೆ ಬತ್ತಿದರೆ ಹೊಣೆಗಾರನೂ ಬಡವನಾಗುತ್ತಾನೆ.

ಹಳೆಯದೆಲ್ಲವೂ ಹೊನ್ನೆಂದು ಸಾಧಿಸುವ ಉದ್ದೇಶ ನನಗಿಲ್ಲ. ಊರ ಕೆರೆಯ ನೀರನ್ನು ಮುಟ್ಟುವ ಹಕ್ಕು ಊರಿನ ಎಲ್ಲರಿಗೂ ಇರಲಿಲ್ಲ. ತೂಬನ್ನೆತ್ತಿ ಗದ್ದೆಗದ್ದೆಗೂ ನೀರು ಹಾಯಿಸುತ್ತಿದ್ದ ನೀರುಗಂಟಿ ಎಷ್ಟೋ ಊರುಗಳಲ್ಲಿ ಅಸ್ಪೃಶ್ಯನೆನಿಸಿಕೊಂಡವನೇ ಆಗಿದ್ದ. ಆ ವ್ಯವಸ್ಥೆ ಮರಳಿ ಬರಬೇಕಾಗಿಲ್ಲ, ಬರಲೂ ಬಾರದು. ಅದರೊಳಗಿದ್ದ ಒಂದು ತತ್ತ್ವವನ್ನು ಮಾತ್ರ ನಾವು ಕೈಬಿಟ್ಟೆವಲ್ಲ, ಅದನ್ನು ಕುರಿತು ನನ್ನ ಮಾತು.

ಬೆಂಗಳೂರಿನ ನೆಲೆಯನ್ನು ನೋಡಿ. ಊರು ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಅದನ್ನು ತಡೆದು ನಿಲ್ಲಿಸಲೆಂದೇ ಹಿರಿಯರು ಒಂದರ ಕೆಳಗೊಂದು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಒಂದು ಕೆರೆಯ ಯೋಗಕ್ಷೇಮ ಇನ್ನೊಂದರ ಯೋಗಕ್ಷೇಮವಾಗಿತ್ತು.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಕಾವೇರಿಯ ನೀರು ಇಂದಿಗೂ ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಹಂತಗಳಲ್ಲಿ ಏರಿ ಬರುತ್ತದೆ. ಇದೊಂದು ಭಗೀರಥ ಪ್ರಯತ್ನವೇ ಸರಿ. ಆದರೆ ನಲ್ಲಿ ತಿರುಗಿಸಿದರೆ ನೀರು ಬರುವ ಊರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಕೆರೆ ಬರಿಯ ನಿವೇಶನವಾಗಿ ಕಂಡಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದವುಗಳಲ್ಲಿ ಅನೇಕವು ಕೊಳಚೆಗೆ ತೊಟ್ಟಿಗಳಾದವು.

ಹೀಗಾಗುತ್ತಿರುವುದು ಸರ್ಕಾರಕ್ಕೆ ಗೊತ್ತಿರಲಿಲ್ಲವೆಂದಲ್ಲ. 1980ರ ದಶಕದಲ್ಲೇ ಎನ್. ಲಕ್ಷ್ಮಣರಾವ್ ಸಮಿತಿ, ಇರುವ ಕೆರೆಗಳನ್ನು ಒಡೆಯಬಾರದು, ಅವುಗಳಿಗೆ ಕೊಳಚೆ ಸೇರಗೊಡಬಾರದು ಎಂದು ಸ್ಪಷ್ಟವಾಗಿ ಹೇಳಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. 2014ರಲ್ಲಿ ಇನ್ನೊಂದು ಕಾನೂನು, ಇನ್ನೊಂದು ಪ್ರಾಧಿಕಾರ. ವರದಿಗಳಿಗೆ ಬರವಿರಲಿಲ್ಲ, ಬರವಿದ್ದುದು ಹೊಣೆಗಾರರಿಗೆ. ನೆಲ ಒಬ್ಬರದು, ದಂಡೆ ಒಬ್ಬರದು, ಒಳಗೆ ಬರುವ ಕೊಳಚೆ ಮತ್ತೊಬ್ಬರದು, ಮೀನು ಮಗದೊಬ್ಬರದು, ಮಾಲಿನ್ಯವನ್ನು ಅಳೆಯುವವರು ಬೇರೊಬ್ಬರು. ಇಷ್ಟು ಜನ ಒಡೆಯರಿರುವ ಕೆರೆಗೆ ನೀರುಗಂಟಿ ಮಾತ್ರ ಇಲ್ಲ.

ಇದರ ಫಲವನ್ನು ಬೆಳ್ಳಂದೂರಿನಲ್ಲಿ ಕಂಡೆವು. ಅಗರದ ಕೆರೆ ಕೋಡಿ ಬಿದ್ದರೆ ನೀರು ಹೋಗುವುದು ಬೆಳ್ಳಂದೂರಿಗೆ. ಸುಮಾರು 900 ಎಕರೆಯ ಆ ಕೆರೆಗೆ ನಗರದ ಕೊಳಚೆಯ ದೊಡ್ಡದೊಂದು ಪಾಲು ವರ್ಷಗಟ್ಟಲೆ ಹರಿದು ಬಂದಿತು. 2015ರಲ್ಲಿ ಅದರ ನೊರೆಗೆ ಬೆಂಕಿ ಹೊತ್ತಿಕೊಂಡಿತು. 2017ರಲ್ಲಿ ಮತ್ತೆ ಉರಿಯಿತು. 2018ರ ಜನವರಿಯಲ್ಲಿ ಸೈನಿಕರೂ ಅಗ್ನಿಶಾಮಕ ದಳದವರೂ ಗಂಟೆಗಟ್ಟಲೆ ಹೆಣಗಿ ಬೆಂಕಿಯನ್ನು ಆರಿಸಬೇಕಾಯಿತು. ನೀರಿಗೆ ಬೆಂಕಿ ಬೀಳುವುದೆಂಬುದು ನಮ್ಮ ಕವಿಸಮಯದಲ್ಲಿಯೂ ಅಪರೂಪ. ಬಿತ್ತುವಟ್ಟದ ಶಾಸನವಿರುವ ನೆಲಕ್ಕೆ ಕೂಗಳತೆಯ ದೂರದಲ್ಲಿ ಅದು ವಾಸ್ತವವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡವನ್ನು ತೆರುವ ಬೊಕ್ಕಸ ಕೊನೆಗೆ ನಮ್ಮ ತೆರಿಗೆಯದೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಜನಪದರ ‘ಕೆರೆಗೆ ಹಾರ’ ತಮಗೆಲ್ಲ ಪರಿಚಿತವಾದ ಕಥನಗೀತೆ. ಊರಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬಾರದು, ಬಲಿಯಾಗುವವಳು ಕಿರಿಯ ಸೊಸೆ ಭಾಗೀರಥಿ. ಆ ತೀರ್ಮಾನದಲ್ಲಿ ಅವಳಿಗೆ ಮಾತಿರಲಿಲ್ಲ. ಪಾಠ ಹೇಳುವಾಗ ನಾನು ಈ ಕಥೆಯನ್ನು ತ್ಯಾಗದ ಕಥೆಯೆನ್ನುವುದಕ್ಕಿಂತ ಹೆಚ್ಚಾಗಿ ಅನ್ಯಾಯದ ಕಥೆಯೆಂದೇ ವಿವರಿಸುತ್ತಿದ್ದೆ. ನಗರದ ಪರಿಸರ ನಿರ್ವಹಣೆಯಲ್ಲಿಯೂ ಭಾಗೀರಥಿಯರಿದ್ದಾರೆ. ಬೆಂಗಳೂರಿನ ಕಸ ಮಾವಳ್ಳಿಪುರದಲ್ಲಿ ಗುಡ್ಡವಾಯಿತು. 2012ರಲ್ಲಿ ಅಲ್ಲಿ ನಿಂತಿತು. ಆಮೇಲೆ ಮಂಡೂರಿನ ಜನ ಆ ಭಾರವನ್ನು ಹೊತ್ತು, ಬೀದಿಗಿಳಿದು ಪ್ರತಿಭಟಿಸಿ, 2014ರ ಕೊನೆಗೆ ಬಿಡುಗಡೆ ಪಡೆದರು. ಕಸವನ್ನು ಮಾಡಿದವರು ನಾವು. ಅದರ ವಾಸನೆಯಲ್ಲಿ ಮಕ್ಕಳನ್ನು ಬೆಳೆಸಿದವರು ಅವರು. ಹಸಿ ಕಸ, ಒಣ ಕಸ ಎಂದು ಮನೆಯಲ್ಲೇ ಬೇರ್ಪಡಿಸಿ ಎಂದು ಪಾಲಿಕೆ ಹೇಳಿದಾಗ ಅದು ಬರಿಯ ಶುಚಿತ್ವದ ಪಾಠವಲ್ಲ. ಮತ್ತೊಂದು ಊರನ್ನು ಬಲಿಗೆ ಹುಡುಕದಿರುವ ದಾರಿ ಅದು.

ಕೆಲಸ ಸರಿಯಾಗಿ ನಡೆದಲ್ಲಿ ಕೆರೆ ಬದುಕುತ್ತದೆ ಎನ್ನುವುದಕ್ಕೆ ಸಾಕ್ಷಿಯೂ ಇದೇ ನಗರದಲ್ಲಿದೆ. ಜಕ್ಕೂರಿನ ಕೆರೆಯ ಮೇಲುಗಡೆ ಕೊಳಚೆಯನ್ನು ಶುದ್ಧೀಕರಿಸುವ ಘಟಕವಿದೆ. ಅಲ್ಲಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗು ನೆಲವನ್ನು ಹಾದು ಬರುತ್ತದೆ. ಉಳಿದ ಸಾರವನ್ನು ಗಿಡಗಳ ಬೇರುಗಳು ಹೀರಿಕೊಳ್ಳುತ್ತವೆ. ಕೆರೆಯಲ್ಲಿ ಮೀನುಗಾರಿಕೆ ನಡೆಯುತ್ತದೆ, ಹಕ್ಕಿಗಳು ಬರುತ್ತವೆ, ಸುತ್ತಲಿನ ಅಂತರ್ಜಲಕ್ಕೂ ಆಸರೆಯಾಗುತ್ತದೆ. ಇಲ್ಲಿ ಪವಾಡವೇನೂ ಇಲ್ಲ. ಯಂತ್ರ ದಿನವೂ ನಡೆಯಬೇಕು. ಜೊಂಡನ್ನು ಕಾಲಕಾಲಕ್ಕೆ ಕೊಯ್ಯಬೇಕು. ಬೇರೆ ಮೋರಿ ಬಂದು ಸೇರದಂತೆ ಯಾರಾದರೂ ಕಣ್ಣಿಡಬೇಕು. ಒಂದು ತಿಂಗಳು ಇವು ತಪ್ಪಿದರೆ ಕೆರೆ ಮಾತನಾಡತೊಡಗುತ್ತದೆ.

ನಗರಾಡಳಿತದ ಮುಖ್ಯ ಪ್ರಶ್ನೆ ಇಲ್ಲಿದೆ. ಹೊಸದನ್ನು ಕಟ್ಟಲು ಹಣ ಸಿಗುತ್ತದೆ. ಕಟ್ಟಿದ್ದಕ್ಕೆ ಕಲ್ಲು ನೆಡುತ್ತಾರೆ, ಕಲ್ಲಿನ ಮೇಲೆ ಹೆಸರು ಬರೆಯಿಸುತ್ತಾರೆ. ಹೂಳು ತೆಗೆದವನ ಹೆಸರನ್ನು, ಜೊಂಡು ಕೊಯ್ದವನ ಹೆಸರನ್ನು, ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ವನಮಹೋತ್ಸವದ ದಿನ ನೆಟ್ಟ ಸಸಿಗಿಂತ ಎರಡನೆಯ ಬೇಸಗೆಯಲ್ಲಿ ಅದಕ್ಕೆ ನೀರೆರೆದ ಕೈ ದೊಡ್ಡದೆಂಬುದನ್ನು ನಮ್ಮ ಆಯವ್ಯಯದ ಲೆಕ್ಕ ಇನ್ನೂ ಕಲಿತಿಲ್ಲ.

ಕಲಿಯದಿದ್ದರೆ ಏನಾಗುತ್ತದೆಂಬುದನ್ನು 2024ರ ಬೇಸಗೆ ತೋರಿಸಿಕೊಟ್ಟಿತು. ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ ಸುಮಾರು 6,900 ಬತ್ತಿಹೋದುವೆಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಮನೆಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸುವ ಕಾನೂನು 2009ರಿಂದಲೇ ಇದ್ದಿತು. ಕಾನೂನು ಬರೆದ ಮಾತ್ರಕ್ಕೆ ಮಳೆ ಮನೆಯ ತೊಟ್ಟಿಗೆ ಬಂದು ಬೀಳುವುದಿಲ್ಲ. ಸೋಸುವ ಜಲ್ಲಿಯನ್ನು ವರ್ಷಕ್ಕೊಮ್ಮೆ ತೊಳೆಯುವವರು ಬೇಕು.

2023ರ ನವೆಂಬರಿನಲ್ಲಿ ಪಾಲಿಕೆ ಹವಾಮಾನ ಕ್ರಿಯಾ ಯೋಜನೆಯೊಂದನ್ನು ಪ್ರಕಟಿಸಿ, ನಗರದ ಇಂಗಾಲದ ಹೊರೆಯನ್ನು 2050ರೊಳಗೆ ನಿವ್ವಳ ಶೂನ್ಯಕ್ಕೆ ತರುವ ಗುರಿಯನ್ನಿಟ್ಟುಕೊಂಡಿತು. ಒಳ್ಳೆಯ ಗುರಿ. ಆದರೆ ಆ ಪಾಲಿಕೆಯೇ ಈಗಿಲ್ಲ. 2025ರಲ್ಲಿ ಅದರ ಜಾಗದಲ್ಲಿ ಐದು ನಗರಪಾಲಿಕೆಗಳೂ ಅವುಗಳ ಮೇಲೆ ಒಂದು ಪ್ರಾಧಿಕಾರವೂ ಬಂದಿವೆ. ಊರು ಐದಾಗಬಹುದು, ಕಣಿವೆಗಳು ಮೂರೇ. ಒಂದು ಪಾಲಿಕೆಯ ಬಚ್ಚಲ ನೀರು ಇನ್ನೊಂದು ಪಾಲಿಕೆಯ ಕೆರೆಗೆ ಹರಿಯುತ್ತದೆ. ಗಡಿಕಲ್ಲನ್ನು ಕಂಡು ನೀರು ನಿಲ್ಲುವುದಿಲ್ಲ.

ಆದ್ದರಿಂದ ನನ್ನ ಸೂಚನೆ ಸರಳವಾದುದು. ಪ್ರತಿಯೊಂದು ಕೆರೆಗೂ ಹೆಸರು, ಹುದ್ದೆ, ಸಂಬಳಗಳುಳ್ಳ ಒಬ್ಬ ನೀರುಗಂಟಿ ಇರಲಿ. ಈ ಬಾರಿ ಘನತೆಯಿಂದ, ಹಕ್ಕಿನಿಂದ. ಆ ಕೆರೆಗೆ ನೀರು ಹರಿಸುವ ನೆಲದ ತೆರಿಗೆಯಲ್ಲಿ ಒಂದು ಸಣ್ಣ ಪಾಲು ಬೇರೆ ಯಾವ ವೆಚ್ಚಕ್ಕೂ ಸಲ್ಲದಂತೆ ಅದರ ಪಾಲನೆಗೇ ಮೀಸಲಾಗಲಿ. ಅದೇ ನಮ್ಮ ಕಾಲದ ಬಿತ್ತುವಟ್ಟ. ಕಣಿವೆಗೊಂದರಂತೆ, ಪಾಲಿಕೆಗಳ ಗಡಿಯನ್ನು ಮೀರಿ ನೋಡುವ ಸಮಿತಿ ಇರಲಿ. ವರ್ಷಕ್ಕೊಮ್ಮೆ ಕೆರೆಯ ಏರಿಯ ಮೇಲೆ ಜನರನ್ನು ಕೂರಿಸಿ, ಎಷ್ಟು ಹಣ ಬಂತು, ಎಷ್ಟು ಹೂಳು ಹೋಯಿತು, ನೀರು ಹೇಗಿದೆ ಎಂಬ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಲಿ. ಕೇಳಲು ನಾವು ಹೋಗಬೇಕು. ಹೋಗದವರಿಗೆ ದೂರುವ ಅಧಿಕಾರವೂ ಅಷ್ಟಕ್ಕಷ್ಟೆ.

ಸಿರಿಮಯ್ಯ ಕಟ್ಟಿಸಿದ ಮೂಡಣ ಕೆರೆ ಎಂಥ ಮಳೆಗಳನ್ನು ಕಂಡಿತೋ, ಎಷ್ಟು ಗದ್ದೆಗಳಿಗೆ ಉಣಿಸಿತೋ, ಶಾಸನ ಅದನ್ನು ಹೇಳುವುದಿಲ್ಲ. ಪಾಲನೆಗೆ ಯಾರು ಹೊಣೆ ಎಂಬುದನ್ನು ಮಾತ್ರ ಮರೆಯದೆ ಹೇಳಿದೆ. ನಮ್ಮ ಯೋಜನಾ ವರದಿಗಳೂ ಅಷ್ಟು ಹೇಳಿದರೆ ಸಾಕು.